ಹಳೆಯ ಗೋಡೆಗೆ ಸಿಮೆಂಟು ಬೇಡ ಎಂದರೆ ಬೇಡ

ಪೇಟೆಯ ನಡುವಿನ ಹಳೆಯ ಕಟ್ಟಡವೊಂದನ್ನು ಕೊಂಡೋ ಬಾಡಿಗೆಗೆ ಹಿಡಿದೋ ಅಂಗಡಿ ತೆರೆಯಲು ಹೊರಟವರು ನನ್ನ ಬಳಿ ಬರುವ ಹೊತ್ತಿಗೆ ಒಂದು ಕೆಲಸವನ್ನು ಮುಗಿಸಿಯೇ ಬಂದಿರುತ್ತಾರೆ. ನೆಲದಿಂದ ಎದೆಯೆತ್ತರದವರೆಗೆ ಉದುರುತ್ತಿದ್ದ ಹಳೆಯ ಗಾರೆಯನ್ನು ಕೆತ್ತಿಸಿ, ಅಲ್ಲಿಗೆ ಗಟ್ಟಿ ಸಿಮೆಂಟಿನ ಗಿಲಾವು ಮಾಡಿಸಿ, ಅದರ ಮೇಲೆ ಜಲನಿರೋಧಕ ಬಣ್ಣ ಬಳಿಸಿರುತ್ತಾರೆ. "ತೇವದ ತೊಂದರೆ ಮುಗಿಯಿತು ಸಾರ್, ನೀವು ಮುಂಭಾಗದ ಗಾಜು, ದೀಪ, ನಾಮಫಲಕ ನೋಡಿಕೊಂಡರೆ ಸಾಕು" ಎನ್ನುತ್ತಾರೆ. ಖರ್ಚು ಮಾಡಿದ ಸಮಾಧಾನ ಅವರ ಮುಖದಲ್ಲಿ ಎದ್ದು ಕಾಣುತ್ತಿರುತ್ತದೆ. ಆ ಸಮಾಧಾನವನ್ನು ಕೆಡಿಸುವುದು ನನ್ನ ವೃತ್ತಿಯ ಮೊದಲ ಕೆಲಸವಾಗಿಬಿಟ್ಟಿದೆ.

ಬೆಂಕಿ ಬಿದ್ದರೆ ಹೊರಗೋಡಲು ಎರಡನೆಯ ದಾರಿ, ಗಾಲಿಕುರ್ಚಿಗೆ ಇಳಿಜಾರು, ಹೊಸ ವೈರಿಂಗ್, ಪರವಾನಗಿ, ಇವೆಲ್ಲ ಬೇಕೇ ಬೇಕು. ಅದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮಹಡಿಯ ಭಾರದ ಬಗ್ಗೆ ಮಾತ್ರ ಒಂದು ಮಾತು. ವಾಸದ ಕೋಣೆಯ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕಿಲೋ ಭಾರ ಲೆಕ್ಕ ಹಿಡಿದರೆ, ಅಂಗಡಿಗೆ 400ರಿಂದ 500 ಕಿಲೋ ಹಿಡಿಯುವುದು ವಾಡಿಕೆ. ದಾಸ್ತಾನು ಇಡುವ ಕೋಣೆಗೆ ಇನ್ನೂ ಹೆಚ್ಚು. ಮರದ ತೊಲೆಗಳ ಮೇಲೆ ನಿಂತ ಮಹಡಿಯಲ್ಲಿ ಬಟ್ಟೆಯ ಮೂಟೆಗಳನ್ನು ಸೂರಿನವರೆಗೆ ಪೇರಿಸುವ ಮುನ್ನ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಇಷ್ಟು ಹೇಳಿ ಗೋಡೆಗೆ ಬರುತ್ತೇನೆ, ಏಕೆಂದರೆ ಎಷ್ಟು ಹೇಳಿದರೂ ತಲೆಗೆ ಹೋಗದ ಸಂಗತಿ ಅದೇ.

ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲೆಂಡ್ ಸಿಮೆಂಟಿಗೆ ಪೇಟೆಂಟು ಪಡೆದದ್ದು 1824ರಲ್ಲಿ. ಅದು ಎಲ್ಲೆಡೆಯ ದಿನಬಳಕೆಯ ಸಾಮಗ್ರಿಯಾಗಲು ಇನ್ನೂ ಹಲವು ದಶಕಗಳೇ ಹಿಡಿದವು. ಅದಕ್ಕೂ ಹಿಂದಿನ ಇಟ್ಟಿಗೆ ಕಲ್ಲಿನ ಕಟ್ಟಡಗಳು ಹೆಚ್ಚಾಗಿ ನಿಂತಿರುವುದು ಸುಣ್ಣದ ಗಾರೆಯಲ್ಲಿ, ಕೆಲವು ಬರಿಯ ಮಣ್ಣಿನಲ್ಲಿ. ಗೋಡೆ ದಪ್ಪ. ಪಾಯದ ಮೇಲೆ ಇಂದಿನಂತೆ ತೇವ ತಡೆಯುವ ಪದರವಿಲ್ಲ. ನೆಲದಿಂದ ನೀರು ಏರುತ್ತದೆ, ಮಳೆ ಹೊಡೆದಾಗ ಪಕ್ಕದಿಂದಲೂ ಒಳಬರುತ್ತದೆ. ಕಟ್ಟಿದವರಿಗೆ ಇದು ಗೊತ್ತಿತ್ತು. ನೀರು ಬರಲಿ, ಬಂದದ್ದು ಹೊರಗೂ ಹೋಗಲಿ ಎಂಬುದು ಅವರ ಲೆಕ್ಕಾಚಾರ. ಹೊರಹೋಗುವ ದಾರಿ ಇಟ್ಟಿಗೆಗಿಂತ ಹೆಚ್ಚಾಗಿ ಸಂದುಗಳಲ್ಲಿದೆ, ಏಕೆಂದರೆ ಸುಣ್ಣದ ಗಾರೆ ಇಟ್ಟಿಗೆಗಿಂತ ಮೆದು, ಅದರ ಸೂಕ್ಷ್ಮ ರಂಧ್ರಗಳ ಮೂಲಕ ತೇವ ಸುಲಭವಾಗಿ ಹೊರಬಂದು ಆರುತ್ತದೆ. ನೀರಿನೊಂದಿಗೆ ಬಂದ ಉಪ್ಪು ಸಂದಿನಲ್ಲೇ ಹರಳುಗಟ್ಟಿ ಗಾರೆಯನ್ನು ನಿಧಾನವಾಗಿ ಪುಡಿ ಮಾಡುತ್ತದೆ. ಕೆಲವು ದಶಕಗಳಿಗೊಮ್ಮೆ ಆ ಪುಡಿಯನ್ನು ಕೆದಕಿ ಹೊಸ ಗಾರೆ ತುಂಬಿದರಾಯಿತು. ಗಾರೆ ಸವೆಯುವುದು ದೋಷವಲ್ಲ. ಇಟ್ಟಿಗೆ ಉಳಿಯಬೇಕೆಂದೇ ಅದು ಸವೆಯುತ್ತದೆ.

ಈಗ ಅದೇ ಸಂದಿಗೆ ಸಿಮೆಂಟು ತುಂಬಿ. ಇಟ್ಟಿಗೆಗಿಂತ ಸಂದೇ ಗಟ್ಟಿಯಾಯಿತು, ತೇವದ ದಾರಿ ಕಟ್ಟಿಹೋಯಿತು. ಬೇರೆ ದಾರಿಯಿಲ್ಲದ ನೀರು ಇಟ್ಟಿಗೆಯ ಮೈಯಿಂದಲೇ ಹೊರಬರಬೇಕು, ಉಪ್ಪು ಅಲ್ಲಿಯೇ ಹರಳಾಗಬೇಕು. ಕೆಲವು ವರ್ಷ ಕಳೆದ ಮೇಲೆ ಅಂಥ ಗೋಡೆಯ ಹತ್ತಿರ ನಿಂತು ನೋಡಿ. ಇಟ್ಟಿಗೆಯ ಮುಖ ಚಕ್ಕೆ ಚಕ್ಕೆಯಾಗಿ ಎದ್ದು ಹೋಗಿ ಒಳಕ್ಕೆ ಸರಿದಿರುತ್ತದೆ, ಬೂದು ಬಣ್ಣದ ಸಿಮೆಂಟು ಸಂದು ಮಾತ್ರ ಬಲೆಯ ಹಾಗೆ ಮುಂದೆ ಚಾಚಿ ನಿಂತಿರುತ್ತದೆ. ಬೆರಳಿನಿಂದ ಒರೆಸಿದರೆ ಕೆಂಪು ಹುಡಿ ಅಂಟುತ್ತದೆ. ದುರಸ್ತಿಗೆಂದು ತಂದ ವಸ್ತು ಉಳಿದು, ದುರಸ್ತಿಯಾಗಬೇಕಿದ್ದ ವಸ್ತು ಕರಗಿಹೋಗಿರುತ್ತದೆ.

ಇಷ್ಟು ವಿವರಿಸಿದ ಮೇಲೂ ಬರುವ ಪ್ರಶ್ನೆ ಒಂದೇ: "ಸಿಮೆಂಟು ನೀರನ್ನು ತಡೆಯುತ್ತದಲ್ಲ ಸಾರ್, ಇನ್ನು ನೀರು ಒಳಗೆ ಬರುವುದಾದರೂ ಹೇಗೆ?" ಇನ್ನೊಮ್ಮೆ ಹೇಳುತ್ತೇನೆ. ಒಂದನೆಯದು, ನೀವು ಮುಚ್ಚಿದ್ದು ಗೋಡೆಯ ಮೈಯನ್ನು, ಬುಡವನ್ನಲ್ಲ. ನೆಲದ ನೀರು ಏರುತ್ತಲೇ ಇರುತ್ತದೆ. ಎರಡನೆಯದು, ಸುಣ್ಣದ ಗಾರೆಯ ಗೋಡೆ ಬಿಸಿಲಿಗೆ, ಚಳಿಗೆ, ಭಾರಕ್ಕೆ ಒಂದಿಷ್ಟು ಅಲುಗುತ್ತದೆ. ಅದರ ಮೇಲಿನ ಗಡಸು ಸಿಮೆಂಟು ಅಷ್ಟು ಅಲುಗಲಾರದೆ ಕೂದಲೆಳೆಯ ಬಿರುಕು ಬಿಡುತ್ತದೆ. ಮಳೆನೀರು ಆ ಬಿರುಕಿನಲ್ಲಿ ಸಲೀಸಾಗಿ ಒಳಸೇರುತ್ತದೆ. ಹೊರಹೋಗಬೇಕಾದರೆ ಮಾತ್ರ ಅದು ಆವಿಯಾಗಬೇಕು, ಆವಿಗೆ ಅಗಲವಾದ ತೆರೆದ ಮೈ ಬೇಕು, ಆ ಮೈಯನ್ನು ನೀವೇ ಮುಚ್ಚಿದ್ದೀರಿ. ಬರುವುದಕ್ಕೆ ಹಲವು ದಾರಿ, ಹೋಗುವುದಕ್ಕೆ ಒಂದೂ ಇಲ್ಲ. ಮೂರನೆಯದನ್ನು ಯಾರೂ ನಂಬುವುದಿಲ್ಲ: ಸಿಮೆಂಟಿನಲ್ಲಿಯೂ ಕರಗುವ ಲವಣಗಳಿರುತ್ತವೆ. ಉಪ್ಪು ಕಾಡುತ್ತಿರುವ ಗೋಡೆಗೆ ಇನ್ನಷ್ಟು ಉಪ್ಪು ಉಣಿಸಿದಂತಾಯಿತು.

ಪಾದರಕ್ಷೆ ಮಾರುವ ಒಬ್ಬ ಸಜ್ಜನರು ನೆಲದಿಂದ ಒಂದು ಮೀಟರು ಎತ್ತರಕ್ಕೆ ಸಿಮೆಂಟು ಗಿಲಾವು ಮಾಡಿಸಿದ್ದರು. ಮಳೆಗಾಲ ಕಳೆಯುವಷ್ಟರಲ್ಲಿ ಅದರ ಮೇಲಂಚಿಗೆ ಸರಿಯಾಗಿ ಹೊಸ ತೇವದ ಪಟ್ಟಿ ಕಾಣಿಸಿಕೊಂಡಿತು. ಕೆಳಗೆ ಆರಲು ಜಾಗವಿಲ್ಲದ ನೀರು ಜಾಗ ಸಿಗುವವರೆಗೆ ಮೇಲೇರಿತ್ತು. ಅವರು ಗಿಲಾವನ್ನೂ ಏರಿಸಿದರು. ಪಟ್ಟಿ ಮತ್ತೂ ಏರಿತು. ಅವರು ಸೋಲುವ ಜಾತಿಯವರಲ್ಲ, ಸೂರಿನವರೆಗೂ ಬಳಿಸಿಬಿಟ್ಟರು. ಆಗ ನೀರಿಗೆ ಸಿಕ್ಕಿದ್ದು ಗೋಡೆಯೊಳಗೆ ಹುದುಗಿದ್ದ ತೊಲೆಯ ತುದಿ. ಮರದ ತೇವಾಂಶ ನೂರಕ್ಕೆ 20ನ್ನು ದಾಟಿ ಹಾಗೆಯೇ ಉಳಿದರೆ ಕೊಳೆಸುವ ಶಿಲೀಂಧ್ರಕ್ಕೆ ದಾರಿಯಾಗುತ್ತದೆ. ನಾನು ಹೋಗಿ ನೋಡಿದಾಗ ಹೊರಗಿನಿಂದ ತೊಲೆ ಚೆನ್ನಾಗಿಯೇ ಕಾಣುತ್ತಿತ್ತು. ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯವರೆಗೂ ಒಳಹೋಯಿತು. ಮಹಡಿಗೆ ಆಧಾರ ಕೊಟ್ಟು ತೊಲೆಯ ತುದಿಗಳನ್ನು ಬದಲಿಸುವವರೆಗೆ ಅಂಗಡಿಯ ಬಾಗಿಲು ಹಾಕಬೇಕಾಯಿತು. ಆ ಮನುಷ್ಯ ಇಂದಿಗೂ ನನಗೆ ಒಳ್ಳೆಯ ಸ್ನೇಹಿತ. ಅವರ ಹಟವನ್ನು ಕಂಡರೆ ನನಗೆ ಸಿಟ್ಟಿಗಿಂತ ಪ್ರೀತಿಯೇ ಹೆಚ್ಚು.

ಗಟ್ಟಿ ವಸ್ತುವಿನ ಮೋಹ ಅಂಗಡಿಯವರದು ಮಾತ್ರವಲ್ಲ. ಅಥೆನ್ಸಿನ ಪ್ರಾಚೀನ ದೇಗುಲಗಳ ಗುಡ್ಡವಾದ ಅಕ್ರೊಪೊಲಿಸ್‌ನಲ್ಲಿ ಕಳೆದ ಶತಮಾನದ ಆರಂಭದ ದಶಕಗಳಲ್ಲಿ ಜೀರ್ಣೋದ್ಧಾರ ನಡೆಸಿದ ನಿಕೊಲಾಸ್ ಬಲಾನೊಸ್ ಅಮೃತಶಿಲೆಯ ತುಂಡುಗಳನ್ನು ಕಬ್ಬಿಣದ ಪಟ್ಟಿಗಳಿಂದ ಬಿಗಿಸಿದರು. ಪ್ರಾಚೀನರೂ ಕಬ್ಬಿಣವನ್ನೇ ಬಳಸಿದ್ದರು, ಆದರೆ ಅದರ ಸುತ್ತ ಸೀಸ ಎರೆದಿದ್ದರು. ಸೀಸವಿಲ್ಲದ ಹೊಸ ಕಬ್ಬಿಣ ತುಕ್ಕು ಹಿಡಿದು ಉಬ್ಬಿತು, ಅಮೃತಶಿಲೆ ಸೀಳಿತು. 1975ರಲ್ಲಿ ಆ ಸ್ಮಾರಕಗಳ ಸಂರಕ್ಷಣೆಗೆ ಸಮಿತಿ ರಚನೆಯಾಗಿ, ಆ ಕಬ್ಬಿಣವನ್ನು ಕಿತ್ತು ಟೈಟೇನಿಯಂ ಹಾಕುವ ಕೆಲಸ ದಶಕಗಳ ಕಾಲ ನಡೆಯಿತು. ಎಲ್ಲರಿಗಿಂತ ಹೆಚ್ಚು ಓದಿದವರ ಕೈಯಲ್ಲೇ ಹೀಗಾದರೆ, ಆತುರದ ಗುತ್ತಿಗೆದಾರರನ್ನು ನಾನು ಎಷ್ಟೆಂದು ಬೈಯಲಿ?

ಮೇಸ್ತ್ರಿಗಳನ್ನು ಬೈಯಲು ಇನ್ನೂ ಕಷ್ಟ. ಸುಣ್ಣದ ಕೆಲಸ ಬಲ್ಲ ಹಿರಿಯ ಮೇಸ್ತ್ರಿ ಸಿಕ್ಕಿದರೆ ಅವರು ಹೇಳಿದ ದಿನಕ್ಕೆ, ಹೇಳಿದ ಕೂಲಿಗೆ ಒಪ್ಪಿಕೊಳ್ಳಿ ಎಂದೇ ನಾನು ಹೇಳುವುದು. ಆದರೆ ಅವರಲ್ಲೂ ಕೆಲವರಿಗೆ ನಾನು ಬೆನ್ನು ತಿರುಗಿಸಿದೊಡನೆ ಕಲಸಿದ ಸುಣ್ಣಕ್ಕೆ "ಒಂದು ಬೊಗಸೆ" ಸಿಮೆಂಟು ಹಾಕುವ ಚಾಳಿ. ಬೇಗ ಬಿಗಿಯುತ್ತದೆ ಸ್ವಾಮಿ, ಎರಡರ ಗುಣವೂ ಬರುತ್ತದೆ ಎನ್ನುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಬರುವುದು ಎರಡರ ಅವಗುಣ. ಬೇಗ ಬಿಗಿಯಲೇಬೇಕಾದಲ್ಲಿ ನೀರಿನಲ್ಲಿಯೂ ಗಟ್ಟಿಯಾಗುವ ಹೈಡ್ರಾಲಿಕ್ ಸುಣ್ಣವಿದೆ. ಅದು 2, 3.5, 5 ಎಂಬ ದರ್ಜೆಗಳಲ್ಲಿ ಸಿಗುತ್ತದೆ. ಅಲ್ಲಿಯೂ ದೊಡ್ಡ ಸಂಖ್ಯೆ ಕಂಡು ಅದೇ ಉತ್ತಮವೆಂದು ಕೊಳ್ಳಬೇಡಿ. ಆ ಸಂಖ್ಯೆ ಹೇಳುವುದು ಗಡಸುತನವನ್ನು, ಮೆದು ಇಟ್ಟಿಗೆಗೆ ಚಿಕ್ಕದೇ ಸಾಕು.

ಇಲ್ಲಿ ವೃತ್ತಿಯ ಎಚ್ಚರಿಕೆಯೊಂದನ್ನು ಸೇರಿಸಲೇಬೇಕು. ಎಲ್ಲ ಹಳೆಯ ಕಟ್ಟಡಗಳೂ ಸುಣ್ಣದವಲ್ಲ. ಮೊದಲಿನಿಂದಲೂ ಸಿಮೆಂಟಿನಲ್ಲೇ ಕಟ್ಟಿದ, ಈಗ ಪಾರಂಪರಿಕ ಎನಿಸಿಕೊಂಡ ಕಟ್ಟಡಗಳಿವೆ; ಅವಕ್ಕೆ ಸಿಮೆಂಟೇ ಸರಿ. ಕಬ್ಬಿಣದ ಕಂಬ, ಕಲ್ಲಿನ ತಳ, ಇಟ್ಟಿಗೆಯ ಮೈ ಎಲ್ಲವೂ ಬೆರೆತ ಕಟ್ಟಡಗಳೂ ಇವೆ. ಗಾರೆಯ ಚೂರೊಂದನ್ನು ಪ್ರಯೋಗಾಲಯಕ್ಕೆ ಕಳುಹಿಸಿ ನೋಡದೆ ನಾನು ಯಾವ ಗೋಡೆಯ ಬಗ್ಗೆಯೂ ಖಚಿತವಾಗಿ ಮಾತನಾಡುವುದಿಲ್ಲ. ನೀವೂ ಈ ಅಂಕಣವನ್ನು ಓದಿ ನಾಳೆಯೇ ಉಳಿ ಸುತ್ತಿಗೆ ಹಿಡಿಯಬೇಡಿ. ಭದ್ರವಾಗಿ ಅಂಟಿಕೊಂಡ ಸಿಮೆಂಟನ್ನು ಕೀಳಲು ಹೋದರೆ ಇಟ್ಟಿಗೆಯ ಮುಖವೂ ಅದರೊಂದಿಗೆ ಬರುತ್ತದೆ. ಕೆಲವೊಮ್ಮೆ ಬಿಟ್ಟುಬಿಡುವುದೇ ಕಡಿಮೆ ಹಾನಿ.

ಗಿಲಾವಿಗೂ ಮುನ್ನ ನೋಡಬೇಕಾದದ್ದು ಮೇಲೆ ಮತ್ತು ಹೊರಗೆ. ಬಹಳ ಸಲ ಒದ್ದೆಯ ಮೂಲ ಸೂರಿನ ನೀರು ಹರಿಸುವ ಒಡೆದ ದೋಣಿಯೋ ಕಸ ಕಟ್ಟಿದ ಕೊಳವೆಯೋ ಆಗಿರುತ್ತದೆ. ಇಲ್ಲವೇ ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಅಂಗಡಿಯ ನೆಲಕ್ಕಿಂತ ಎತ್ತರವಾಗಿ, ಮಳೆನೀರು ಗೋಡೆಯ ಬುಡಕ್ಕೇ ಬಂದು ನಿಲ್ಲುತ್ತಿರುತ್ತದೆ. ಅದನ್ನು ಸರಿಪಡಿಸಲು ತಗಲುವ ಖರ್ಚು ಜಲನಿರೋಧಕ ಬಣ್ಣದ ಖರ್ಚಿಗಿಂತ ಹಲವು ಸಲ ಕಡಿಮೆಯೇ. ಎರಡು ಮುಳ್ಳುಗಳ ತೇವಮಾಪಕವನ್ನು ಗೋಡೆಗೆ ಚುಚ್ಚಿ ಕೆಂಪು ದೀಪ ತೋರಿಸಿ ಹೆದರಿಸುವವರಿದ್ದಾರೆ. ಆ ಉಪಕರಣಗಳ ಅಳತೆ ಸಾಮಾನ್ಯವಾಗಿ ಮರಕ್ಕೆಂದು ಹೊಂದಿಸಿದ್ದು; ಉಪ್ಪು ತುಂಬಿದ ಗೋಡೆ ಒಣಗಿದ್ದರೂ ಅದು ಕೂಗುತ್ತದೆ.

ಇನ್ನು ನಿಜವಾದ ಜಗಳದ ವಿಷಯ, ಉದ್ಘಾಟನೆಯ ದಿನಾಂಕ. ನೀರಿನ ಮೂಲ ನಿಂತ ಮೇಲೆ ದಪ್ಪ ಗೋಡೆ ಆರುವುದು ತಿಂಗಳಿಗೆ ಸುಮಾರು 25 ಮಿಲಿಮೀಟರ್ ಎಂಬುದು ನಮ್ಮಲ್ಲಿ ಬಳಕೆಯಲ್ಲಿರುವ ಅಂದಾಜು. 450 ಮಿಲಿಮೀಟರ್ ಗೋಡೆಗೆ ಒಂದೂವರೆ ವರ್ಷ. ಇದನ್ನು ಕೇಳಿದೊಡನೆ ಎದುರಿಗಿದ್ದವರು ಕ್ಯಾಲೆಂಡರ್ ತೆಗೆಯುತ್ತಾರೆ. ದೊಡ್ಡ ಯಂತ್ರವಿಟ್ಟು ಬಿಸಿಗಾಳಿ ಊದಿದರೆ ಆಗದೇ ಎನ್ನುತ್ತಾರೆ. ಹಾಗೆ ಅವಸರದಲ್ಲಿ ಒಣಗಿಸಿದರೆ ಒಳಗಿನ ಉಪ್ಪೆಲ್ಲ ಒಮ್ಮೆಗೇ ಮೇಲ್ಮೈಗೆ ನುಗ್ಗಿ, ಇರುವ ಗಾರೆಯನ್ನೂ ಉದುರಿಸುವ ಅಪಾಯವಿದೆ. ಹವಾನಿಯಂತ್ರಣ ಹಾಕುವವರಿಗೆ ಇನ್ನೊಂದು ಮಾತು: ಹೊರಗೆ ಸೆಕೆ, ಒಳಗೆ ತಂಪು ಇದ್ದರೆ ಹೊರಗಿನ ಆವಿ ಒಳಕ್ಕೆ ಸರಿಯುತ್ತದೆ. ಒಳಗೋಡೆಗೆ ಪ್ಲಾಸ್ಟಿಕ್ ಹಾಳೆಯಂಥ ವಾಲ್‌ಪೇಪರ್ ಅಂಟಿಸಿದ್ದರೆ ಅದರ ಹಿಂದೆ ನೀರು ಹನಿಗಟ್ಟಿ ಬೂಷ್ಟು ಬೆಳೆಯುತ್ತದೆ, ವಾಸನೆಗೆ ಗಿರಾಕಿ ಮೊದಲು ಮೂಗು ಮುರಿಯುತ್ತಾನೆ.

ಹಾಗಾದರೆ ಒಂದೂವರೆ ವರ್ಷ ಅಂಗಡಿ ಮುಚ್ಚಿಟ್ಟುಕೊಂಡು ಕೂರಬೇಕೆ? ಬೇಡ. ಪರಂಪರೆಯ ಕಟ್ಟಡವನ್ನು ಸಮಾಜಕ್ಕೆ ಉಪಯೋಗವಾಗುವಂತೆ ಬಳಸಿದರೆ ಅದು ಉಳಿಯಲು ಅನುಕೂಲ ಎಂದು ಸಂರಕ್ಷಣೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ 1964ರ ವೆನಿಸ್ ಸನ್ನದೇ ಹೇಳುತ್ತದೆ. ಆ ಬಳಕೆಗಾಗಿ ಕಟ್ಟಡದ ವಿನ್ಯಾಸವನ್ನೂ ಅಲಂಕಾರವನ್ನೂ ಬದಲಿಸಬಾರದು ಎಂದೂ ಅದರ ಬೆನ್ನಿಗೇ ಹೇಳುತ್ತದೆ. ನಾನು ಮಾಡಿಸುವುದು ಇಷ್ಟು. ಗೋಡೆಗೆ ಸುಣ್ಣದ ಗಾರೆ, ಅದರ ಮೇಲೆ ಸುಣ್ಣದ ತಿಳಿ ಅಥವಾ ಆವಿಯನ್ನು ಬಿಡುವ ಸಿಲಿಕೇಟ್ ಬಣ್ಣ. ಕಂಪನಿಯ ಬಣ್ಣ ಎಲ್ಲ ಶಾಖೆಗಳಲ್ಲೂ ಒಂದೇ ಇರಬೇಕೆಂಬ ಹಟವಿದ್ದರೆ ಆ ಬಣ್ಣವನ್ನು ಗೋಡೆಗೆ ಬಳಿಯುವುದಿಲ್ಲ, ಪ್ರತ್ಯೇಕ ಹಲಗೆಗಳಿಗೆ ಬಳಿಯುತ್ತೇವೆ. ಹಲಗೆಗಳು ನೆಲಕ್ಕೆ ಊರಿದ ಚೌಕಟ್ಟಿನಲ್ಲಿ, ಗೋಡೆಯಿಂದ ನಾಲ್ಕು ಬೆರಳು ದೂರದಲ್ಲಿ ನಿಲ್ಲುತ್ತವೆ. ಗಾಳಿಯಾಡಲು ಮೇಲೂ ಕೆಳಗೂ ತೆರವು ಬಿಟ್ಟಿರುತ್ತದೆ. ಕಪಾಟು, ದೀಪ, ವೈರು ಎಲ್ಲವೂ ಆ ಚೌಕಟ್ಟಿಗೇ. ಒಂದು ಹಲಗೆಯನ್ನಾದರೂ ಸ್ಕ್ರೂ ಬಿಚ್ಚಿ ತೆಗೆಯುವಂತೆ ಇಡಿಸುತ್ತೇನೆ, ಮಳೆಗಾಲ ಮುಗಿದ ಮೇಲೆ ಹಿಂದೆ ಕೈಯಿಟ್ಟು ಗೋಡೆ ಮುಟ್ಟಿ ನೋಡಲು. ಆ ಹಲಗೆಯ ಎದುರಿಗೆ ಭಾರದ ದಾಸ್ತಾನು ಪೇರಿಸಬೇಡಿ ಎಂದು ಗುತ್ತಿಗೆಯ ಪತ್ರದಲ್ಲೇ ಬರೆಸಿರುತ್ತೇನೆ. ಮರುವರ್ಷ ಹೋದಾಗ ಅಲ್ಲಿಯೇ ಪೇರಿಸಿರುತ್ತಾರೆ.