ವಿಎಂ ಒಮ್ಮೆ ಬೂಟ್ ಆಗುತ್ತೆ, ಒಮ್ಮೆ ಆಗಲ್ಲ. ಯಾಕೆ?

ಪ್ರಶ್ನೆ: ಪುಣೆಯ ತಪ್ಕೀರ್ ಗಲ್ಲಿಯಲ್ಲಿ ಆರ್‌ಕೆ3399 ಚಿಪ್ ಇರುವ ಹಳೇ ಬೋರ್ಡೊಂದನ್ನು ತಗೊಂಡೆ. ಅಂಗಡಿಯವರು "ಏಕದಮ್ ಚಾಲೂ ಆಹೆ" ಅಂದಿದ್ದರು. ಲಿನಕ್ಸ್ ಹಾಕಿ, ಕ್ಯೂಎಮು ಎಂಬ ಸಾಫ್ಟ್‌ವೇರ್‌ನಲ್ಲಿ ಕೆವಿಎಂ (ವಿಎಂ ಅನ್ನು ನೇರವಾಗಿ ಚಿಪ್ ಮೇಲೇ ವೇಗವಾಗಿ ಓಡಿಸುವ ಲಿನಕ್ಸ್ ಸೌಲಭ್ಯ) ಆನ್ ಮಾಡಿ ಡೆಬಿಯನ್ ವಿಎಂ, ಅಂದರೆ ಕಂಪ್ಯೂಟರ್ ಒಳಗೆ ಓಡುವ ಇನ್ನೊಂದು ನಕಲಿ ಕಂಪ್ಯೂಟರ್, ಶುರು ಮಾಡಿದರೆ ಒಮ್ಮೆ ಬೂಟ್ ಆಗುತ್ತದೆ. ಇನ್ನೊಮ್ಮೆ 'ಇನ್‌ವ್ಯಾಲಿಡ್ ಆರ್ಗ್ಯುಮೆಂಟ್' ಎಂದು ನಿಂತೇಬಿಡುತ್ತದೆ. ಕಮಾಂಡ್‌ನಲ್ಲಿ ಒಂದಕ್ಷರವನ್ನೂ ಬದಲಿಸಿಲ್ಲ. ಬೋರ್ಡ್ ಕೆಟ್ಟಿದೆಯಾ?
- ಪಿಂಪ್ರಿಯ ಓದುಗರು

ಉತ್ತರ: ಅಂಗಡಿಯವರು ಹೇಳಿದ್ದು ನಿಜ, ಬೋರ್ಡ್ ಚೆನ್ನಾಗಿಯೇ ಇದೆ. ವಾಪಸ್ ಕೊಡಲು ಹೋಗಬೇಡಿ. ಆ ಗಲ್ಲಿಯಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಇದು ಸರಿಹೋಗಿರುತ್ತದೆ.

ನಿಮ್ಮ ಚಿಪ್‌ನಲ್ಲಿ ಆರು ಕೋರ್‌ಗಳಿವೆ, ಆದರೆ ಎಲ್ಲವೂ ಒಂದೇ ಜಾತಿಯವಲ್ಲ. 0ರಿಂದ 3ರವರೆಗೆ ಚಿಕ್ಕವು, ಕಾರ್ಟೆಕ್ಸ್-ಎ53. 4 ಮತ್ತು 5 ದೊಡ್ಡವು, ಕಾರ್ಟೆಕ್ಸ್-ಎ72. ನೀವು ಸಿಪಿಯು ಜಾಗದಲ್ಲಿ 'ಹೋಸ್ಟ್' ಎಂದು ಬರೆದಿರುತ್ತೀರಿ, ಅಲ್ವಾ? ಹಾಗೆಂದರೆ 'ಇಲ್ಲಿರುವ ಕೋರ್ ಹೇಗಿದೆಯೋ ವಿಎಂಗೂ ಹಾಗೇ ಕಾಣಲಿ' ಎಂದು. ಕ್ಯೂಎಮು ಮೊದಲು ತಾನು ಓಡುತ್ತಿರುವ ಕೋರ್ ಯಾವ ಜಾತಿಯದು ಎಂದು ಕೆವಿಎಂ ಅನ್ನು ಕೇಳಿ ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ವಿಎಂನ ಸಿಪಿಯು ತಯಾರಿಸುತ್ತದೆ. ಈ ಎರಡರ ನಡುವೆ ಲಿನಕ್ಸ್ ಅದನ್ನು ಎತ್ತಿ ಬೇರೆ ಕೋರ್ ಮೇಲೆ ಕೂರಿಸಿರಬಹುದು. ಕೇಳಿದ್ದು ಎ72 ಮೇಲೆ, ಕಟ್ಟಲು ಹೊರಟಿದ್ದು ಎ53 ಮೇಲೆ! ಕೆವಿಎಂ ಆಗಲ್ಲ ಅನ್ನುತ್ತದೆ. ಎರಡೂ ಕೆಲಸ ಒಂದೇ ಜಾತಿಯ ಕೋರ್‌ಗಳ ಮೇಲೆ ಬಿದ್ದ ದಿನ ನಿಮ್ಮ ವಿಎಂ ಏಳುತ್ತದೆ. ಬರೀ ಅದೃಷ್ಟ.

ಪರಿಹಾರ ಒಂದೇ ಸಾಲಿನದು. ಕ್ಯೂಎಮು ಕಮಾಂಡ್‌ನ ಮುಂದೆ 'ಟಾಸ್ಕ್‌ಸೆಟ್' ಎಂಬ ಲಿನಕ್ಸ್ ಕಮಾಂಡ್ ಸೇರಿಸಿ, ಕ್ಯೂಎಮುವನ್ನು 4 ಮತ್ತು 5ನೇ ಕೋರ್‌ಗಳಿಗೆ ಕಟ್ಟಿಹಾಕಿ. ವಿಎಂಗೂ ಎರಡೇ ಸಿಪಿಯು ಕೊಡಿ, ನಾಲ್ಕು ಕೊಟ್ಟರೆ ಎರಡೇ ಕೋರ್ ಮೇಲೆ ಸುಮ್ನೆ ನೂಕಾಟ. ಬೇರೆ ಬೋರ್ಡ್ ಇರುವವರು ಈ ಅಂಕಿಗಳನ್ನು ಹಾಗೇ ನಕಲು ಮಾಡಬೇಡಿ. ಮೊದಲು ಯಾವ ನಂಬರ್ ಯಾವ ಕೋರ್ ಎಂದು ನೋಡಿಕೊಳ್ಳಿ.

ಕೆವಿಎಂ ಬಿಟ್ಟು, ಸಿಪಿಯು ಹೆಸರನ್ನು ಕಾರ್ಟೆಕ್ಸ್-ಎ72 ಎಂದು ಕೊಟ್ಟೂ ಒಮ್ಮೆ ಓಡಿಸಿ. ಆಮೆಯ ಹಾಗೆ ನಿಧಾನವಾದರೂ ಬೂಟ್ ಆದರೆ ಡಿಸ್ಕ್ ಇಮೇಜ್ (ವಿಎಂಗೆ ಡಿಸ್ಕ್ ಆಗಿರುವ ಫೈಲ್) ಸರಿ ಇದೆ ಎಂದರ್ಥ.

ಏನೂ ದೂರದೆ ಬರೀ ಕಪ್ಪು ಪರದೆ ತೋರಿಸಿದರೆ ಅದು ಬೇರೆ ಕಥೆ. ನಾನೂ ಕೋಥ್‌ರೂಡ್‌ನ ಮನೆಯಲ್ಲಿ ಒಂದಿಡೀ ಭಾನುವಾರ ಅದನ್ನೇ ನೋಡುತ್ತ ಕೂತಿದ್ದೆ. ವಿಎಂ ಪಾಪ ಆಗಲೇ ಬೂಟ್ ಆಗಿತ್ತು, ಅದರ ಸಂದೇಶ ಮಾತ್ರ ಸೀರಿಯಲ್ ಕನ್ಸೋಲ್‌ನಲ್ಲಿ (ಬರೀ ಅಕ್ಷರ ಸಾಗುವ ದಾರಿ) ಕಾಣುತ್ತಿರಲಿಲ್ಲ! ಕ್ಯೂಎಮುದ 'ವರ್ಟ್' ಎಂಬ ನಕಲಿ ಯಂತ್ರದಲ್ಲಿ ಆ ಕನ್ಸೋಲ್ ಹೆಸರು 'ಟಿಟಿವೈಎಎಂಎ0'. ನಾನು ಇಂಟೆಲ್ ಅಭ್ಯಾಸದಲ್ಲಿ 'ಟಿಟಿವೈಎಸ್0' ಎಂದು ಬರೆದಿದ್ದೆ. ಇಲ್ಲಿ ಹಳೇ ಕಾಲದ ಬಯಾಸ್ ಕೂಡ ಇಲ್ಲ. ಡಿಸ್ಕ್‌ನಿಂದ ಬೂಟ್ ಆಗಲು ಯುಇಎಫ್‌ಐ (ಬಯಾಸ್‌ನ ಜಾಗದಲ್ಲಿ ಬಂದ, ಬೂಟ್ ಶುರು ಮಾಡುವ ಸಾಫ್ಟ್‌ವೇರ್) ಫೈಲನ್ನು ನಾವೇ ಕೊಡಬೇಕು.

ಇನ್ನು, ಬೋರ್ಡಿನ ಕರ್ನಲ್ ಲಾಗ್‌ನಲ್ಲಿ 'ಹೈಪ್ ಮೋಡ್ ನಾಟ್ ಅವೈಲಬಲ್' ಎಂದು ಕಂಡರೆ ಕೆವಿಎಂ ಓಡುವುದೇ ಇಲ್ಲ, ಕ್ಯೂಎಮುದ ಯಾವ ಆಯ್ಕೆ ಬದಲಿಸಿದರೂ ಉಪಯೋಗವಿಲ್ಲ. ಬೂಟ್‌ಲೋಡರ್ ಲಿನಕ್ಸನ್ನು ಇಎಲ್2 (ಕೆವಿಎಂಗೆ ಬೇಕಾದ ಮೇಲಿನ ಅಧಿಕಾರದ ಮಟ್ಟ) ಬದಲು ಇಎಲ್1 ಮಟ್ಟದಲ್ಲಿ ಎಬ್ಬಿಸಿರುತ್ತದೆ. ಅದನ್ನೇ ಬದಲಿಸಬೇಕು.

ಟಾಸ್ಕ್‌ಸೆಟ್ ಹಾಕಿದ ಮೇಲೂ ನಿಂತರೆ ಕೊನೆಯ ಹತ್ತು ಸಾಲು ಕಳಿಸಿ. ಮಾನಿಟರ್‌ನ ಫೋಟೋ ಬೇಡ, ಕಾಪಿ ಮಾಡಿ ಕಳಿಸಿ.