ಟ್ರೌಟ್ ಕಣ್ಣೆದುರೇ ಇದ್ದರೂ ಫ್ಲೈಗೆ ಬಾಯಿ ಹಾಕುವುದಿಲ್ಲವೇಕೆ?

ಪ್ರಶ್ನೆ: ಹಿಮಾಚಲದ ತೀರ್ಥನ್ ನದಿಯಲ್ಲಿ ಎರಡು ವರ್ಷಗಳಿಂದ ಫ್ಲೈ ಫಿಶಿಂಗ್ ಮಾಡುತ್ತಿದ್ದೇನೆ, ಅಂದರೆ ಹುಳದಂತೆ ಕಾಣುವ ಕೃತಕ ಫ್ಲೈಯನ್ನು ಕೊಕ್ಕೆಗೆ ಕಟ್ಟಿ ಮೀನು ಹಿಡಿಯುತ್ತಿದ್ದೇನೆ. ಆಚೆ ದಡದ ಬಂಡೆಯ ಬಳಿ ಟ್ರೌಟ್ ಮೀನು ಮೇಲೆದ್ದು ಹುಳ ಹಿಡಿಯುವುದು ಕಾಣುತ್ತದೆ. ನನ್ನ ಫ್ಲೈ ಅದರ ಮುಂದೆಯೇ ತೇಲಿಹೋದರೂ ಮುಟ್ಟುವುದಿಲ್ಲ. ಫ್ಲೈ ಬದಲಿಸಬೇಕೇ, ಇನ್ನೂ ದೂರ ಎಸೆಯುವುದನ್ನು ಕಲಿಯಬೇಕೇ?

ಉತ್ತರ: ದೂರ ಎಸೆಯುವುದೇ ನಿಮ್ಮ ತೊಂದರೆಗೆ ಕಾರಣವಿರಬಹುದು. ಟ್ರೌಟ್ ಬಂಡೆಯ ಮರೆಯ ನಿಧಾನವಾದ ನೀರಿನಲ್ಲಿ, ಹರಿವಿಗೆ ಮುಖಮಾಡಿ ನಿಂತು, ನೀರು ಹೊತ್ತು ತರುವ ಹುಳಕ್ಕಾಗಿ ಕಾಯುತ್ತದೆ. ಆ ಹುಳಕ್ಕೆ ತನ್ನದೇ ಆದ ವೇಗವಿಲ್ಲ. ನೀರು ಹೋದಂತೆ ಅದು ಹೋಗುತ್ತದೆ. ನಿಮ್ಮ ದಪ್ಪನೆಯ ದಾರವಾದರೋ ನದಿಯ ನಡುವಿನ ರಭಸದ ಸೆಳವಿಗೆ ಅಡ್ಡಲಾಗಿ ಬಿದ್ದಿರುತ್ತದೆ. ಆ ಸೆಳವು ಕ್ಷಣದಲ್ಲಿ ದಾರವನ್ನು ಬಿಲ್ಲಿನಂತೆ ಬಾಗಿಸಿ, ನಿಧಾನದ ನೀರಿನಲ್ಲಿರುವ ಫ್ಲೈಯನ್ನು ಜಗ್ಗುತ್ತದೆ. ಇದನ್ನೇ ಡ್ರ್ಯಾಗ್ ಎನ್ನುತ್ತಾರೆ. ದಡದಿಂದ ನೋಡುವವರಿಗೆ ಫ್ಲೈ ಚೆನ್ನಾಗಿಯೇ ತೇಲುತ್ತಿರುವಂತೆ ತೋರುತ್ತದೆ, ಆದರೆ ಅದರ ಹಿಂದೆ ನೀರಿನ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆ ಮೂಡುತ್ತದೆ, ಮತ್ತು ಎಚ್ಚರದ ಬ್ರೌನ್ ಟ್ರೌಟ್‌ಗೆ ಅಷ್ಟೇ ಸಾಕು.

ಮೊದಲ ವರ್ಷ ನಾನೂ ಫ್ಲೈಗಳನ್ನು ಬದಲಿಸುತ್ತಲೇ ದಿನ ಕಳೆದವನು. ನೀರಿನ ನೊರೆಯನ್ನು ನೋಡುವುದನ್ನು ಕಲಿತ ಮೇಲೆ ಕಣ್ಣು ತೆರೆಯಿತು. ಫ್ಲೈಯ ಪಕ್ಕದಲ್ಲೇ ತೇಲುವ ಒಂದು ಗುಳ್ಳೆಯನ್ನು ಗುರುತಿಟ್ಟುಕೊಳ್ಳಿ. ಎರಡೂ ಜೊತೆಯಾಗಿ ಸಾಗಿದರೆ ಸರಿ, ಫ್ಲೈ ಗುಳ್ಳೆಯನ್ನು ಹಿಂದೆ ಹಾಕಿದರೆ ಅಥವಾ ಪಕ್ಕಕ್ಕೆ ಸರಿದರೆ ಡ್ರ್ಯಾಗ್ ಆರಂಭವಾಗಿದೆ ಎಂದೇ ತಿಳಿಯಿರಿ.

ತೀರ್ಥನ್‌ನಂತಹ ಬಂಡೆಗಳ ನದಿಯಲ್ಲಿ ಇದಕ್ಕೆ ಒಳ್ಳೆಯ ಉಪಾಯವೆಂದರೆ ಹತ್ತಿರ ಹೋಗುವುದು. ಮೀನಿನ ಮುಖ ನೀರು ಬರುವ ಕಡೆಗಿರುವುದರಿಂದ ಅದರ ಹಿಂದಿನಿಂದ, ಅಂದರೆ ನೀರು ಹರಿದುಹೋಗುವ ಕಡೆಯಿಂದ, ಬಗ್ಗಿಕೊಂಡು, ನೀರು ಕಲಕದಂತೆ ಹೆಜ್ಜೆಯಿಟ್ಟು, ಐದಾರು ಮೀಟರ್ ಅಂತರಕ್ಕೆ ಬನ್ನಿ. ರಭಸದ ನೀರಿನ ಸದ್ದೂ ಅಲೆಯೂ ನಿಮ್ಮನ್ನು ಮರೆಮಾಡುತ್ತವೆ. ಆಮೇಲೆ ಚಿಕ್ಕದಾಗಿ ಎಸೆದು, ರಾಡ್‌ನ ತುದಿಯನ್ನು ಮೇಲೆತ್ತಿ ಹಿಡಿದು, ನಡುವಿನ ಸೆಳವಿಗೆ ದಾರ ತಾಗದಂತೆ, ದಾರದ ತುದಿಗೆ ಕಟ್ಟಿದ ತೆಳುವಾದ ಎಳೆ, ಅಂದರೆ ಲೀಡರ್ ಮಾತ್ರ ನೀರಿನಲ್ಲಿರುವಂತೆ ನೋಡಿಕೊಳ್ಳಿ. ಹೀಗೆ ಒಂದೇ ಮೀಟರ್ ದೂರ ಫ್ಲೈ ಸಹಜವಾಗಿ ತೇಲಿದರೂ ಇಂತಹ ನೀರಿನಲ್ಲಿ ಸಾಕಾಗುತ್ತದೆ. ಹತ್ತಿರ ಹೋಗಲಾಗದ ಅಗಲವಾದ ಜಾಗದಲ್ಲಿ ಮಾತ್ರ ಮೆಂಡಿಂಗ್ ಬೇಕು: ಫ್ಲೈ ನೀರಿಗೆ ಬಿದ್ದೊಡನೆ, ಅದು ಅಲುಗಾಡದಂತೆ, ದಾರದ ನಡುಭಾಗವನ್ನು ಎತ್ತಿ ಹರಿವಿನ ಮೇಲ್ಗಡೆಗೆ ಹಾಕಬೇಕು. ತಡಮಾಡಿದರೆ ಫ್ಲೈಯೂ ಎದ್ದುಬರುತ್ತದೆ.

ಇನ್ನು ಫ್ಲೈ ಬದಲಿಸುವ ಮಾತು. ಗುಳ್ಳೆಯೊಂದಿಗೆ ಐದಾರು ಬಾರಿ ಸರಿಯಾಗಿ ತೇಲಿಬಂದ ಫ್ಲೈಯನ್ನೂ ಮೀನು ಬಿಟ್ಟುಬಿಟ್ಟರೆ ಆಗ ಬದಲಿಸಿ. ಆಗಲೂ ಬಣ್ಣಕ್ಕೆ ಕೈಹಾಕದೆ, ಅದೇ ಫ್ಲೈಯನ್ನು ಒಂದು ಅಳತೆ ಚಿಕ್ಕದರಲ್ಲಿ ಕಟ್ಟಿ ನೋಡಿ.