ಪೇಜ್ ತೆರೆಯುವ ಮೊದಲು ಖಾಲಿ ದಿನ ಹುಡುಕಿ

ಚಿಕ್ಕಮಗಳೂರು, ಹಾಸನದ ಸಣ್ಣ ವ್ಯಾಪಾರಿಗಳಿಗೆ ಪ್ರಚಾರದ ಬಗ್ಗೆ ಸಲಹೆ ಕೊಡುವುದು ನನ್ನ ಕೆಲಸ. ಬಂದವರು ಕೂತ ತಕ್ಷಣ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಮೇಡಂ, ನಮಗೂ ಒಂದು ಇನ್‌ಸ್ಟಾಗ್ರಾಂ ಪೇಜ್ ಮಾಡಿಕೊಡಿ." ಯಾಕೆ ಎಂದರೆ, "ಪಕ್ಕದ ಎಸ್ಟೇಟ್‌ನವರೂ ಮಾಡಿದ್ದಾರಲ್ಲ" ಎನ್ನುತ್ತಾರೆ. ಆಗ ನಾನು ಕಳೆದ ವರ್ಷದ ಲೆಕ್ಕದ ಪುಸ್ತಕ ಕೇಳುತ್ತೇನೆ. ಯಾವ ತಿಂಗಳು ವ್ಯಾಪಾರ ಇರಲಿಲ್ಲ, ಯಾವ ಮಾಲು ಉಳಿಯಿತು, ಯಾವ ಗಿರಾಕಿ ಬರುವುದು ಬಿಟ್ಟರು ಅಂತ ಮೊದಲು ಗೊತ್ತಾಗಬೇಕು. ಆ ಕೊರತೆಯನ್ನು ಪೇಜ್ ತುಂಬಿಸುತ್ತದೆ ಅನಿಸಿದರೆ ಮಾತ್ರ ಮುಂದಿನ ಮಾತು.

ಹೋಂಸ್ಟೇ ವಿಷಯವನ್ನೇ ನೋಡಿ. ಮುಳ್ಳಯ್ಯನಗಿರಿಯ ದಾರಿಯಲ್ಲಿರಲಿ, ಸಕಲೇಶಪುರದ ಕಡೆ ಇರಲಿ, ಶನಿವಾರ ರಾತ್ರಿ ರೂಮ್ ತುಂಬಿಸುವುದು ಅಷ್ಟು ಕಷ್ಟವಿಲ್ಲ. ಡಿಸೆಂಬರ್ ಕೊನೆಯ ವಾರವಂತೂ ಕೇಳುವುದೇ ಬೇಡ. ಆದರೂ ಮಾಲೀಕರು ಉತ್ಸಾಹದಿಂದ ರೀಲ್ಸ್ ಹಾಕುವುದು, ದುಡ್ಡು ಕೊಟ್ಟು ಬೂಸ್ಟ್ ಮಾಡಿಸುವುದು ಡಿಸೆಂಬರ್‌ನಲ್ಲೇ. ಫೋನ್ ಮೇಲೆ ಫೋನ್ ಬರುತ್ತದೆ. ರೂಮ್ ಇಲ್ಲ ಎಂದು ಹೇಳಿ ಹೇಳಿ ಸಾಕಾಗುತ್ತದೆ. ಜುಲೈ ತಿಂಗಳ ಮಂಗಳವಾರ ಮಾತ್ರ ಎಲ್ಲ ರೂಮ್ ಖಾಲಿ. ಅಡುಗೆಯವರ ಸಂಬಳ ಆಗಲೂ ಕೊಡಬೇಕಲ್ವಾ?

ಹಾಗಾದರೆ ಆ ಪೇಜ್ ಇರಬೇಕಾದ್ದು ಜುಲೈನ ಮಂಗಳವಾರಕ್ಕೆ. ಆ ದಿನ ಬರಬಲ್ಲವರು ಬೇರೆ ಜನ. ನಿವೃತ್ತಿಯಾದ ದಂಪತಿ, ಲ್ಯಾಪ್‌ಟಾಪ್ ಹಿಡಿದು ಎಲ್ಲಿಂದ ಬೇಕಾದರೂ ಕೆಲಸ ಮಾಡುವವರು, ಮಳೆ ನೋಡಲೆಂದೇ ಬರುವವರು. ಇವರಿಗೆ ಕ್ಯಾಂಪ್‌ಫೈರ್ ವಿಡಿಯೊ ಬೇಡ. ಕರೆಂಟ್ ಹೋದರೆ ಏನು ವ್ಯವಸ್ಥೆ, ಇಂಟರ್ನೆಟ್ ನಿಲ್ಲುತ್ತದಾ, ತೋಟದಲ್ಲಿ ಜಿಗಣೆ ಎಷ್ಟು, ಮಳೆಯಲ್ಲಿ ಸಣ್ಣ ಕಾರು ಮನೆಯವರೆಗೆ ಬರುತ್ತದಾ, ಹತ್ತಿರದ ಆಸ್ಪತ್ರೆ ಎಲ್ಲಿ ಅಂತ ಕೇಳುತ್ತಾರೆ. ಇದನ್ನೆಲ್ಲ ಇದ್ದ ಹಾಗೆ ತೋರಿಸಿ. ರಸ್ತೆ ಕೆಟ್ಟಿದ್ದರೆ "ಈ ವಾರ ಬರಬೇಡಿ" ಎಂದು ನೀವೇ ಹಾಕಿ. ಹಾಗೆ ಹೇಳಿದವರ ಮಾತನ್ನು ಜನ ಮುಂದಿನ ಸಲ ನಂಬುತ್ತಾರೆ.

ಇನ್ನೊಂದು ಸಮಯವಿದೆ, ಅದನ್ನು ನಮ್ಮವರು ಸುಮ್ನೆ ಕಳೆದುಕೊಳ್ಳುತ್ತಾರೆ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಒಂದು ವಾರ, ಹತ್ತು ದಿನಕ್ಕೆ ಕಾಫಿ ಗಿಡ ಹೂ ಬಿಡುತ್ತದೆ. ಇಡೀ ತೋಟ ಬೆಳ್ಳಗಾಗುತ್ತದೆ, ಮಲ್ಲಿಗೆಯಂಥ ವಾಸನೆ. ಕೆಲವೇ ದಿನ, ಆಮೇಲೆ ಮುಗಿಯಿತು. ಈ ವರ್ಷ ಯಾವ ತಾರೀಕು ಎಂದು ಯಾವ ಪ್ರವಾಸಿ ಪುಸ್ತಕವೂ ಮೊದಲೇ ಹೇಳಲಾರದು. ಮಳೆ ಬಿದ್ದ ದಿನ ನಿಮ್ಮ ತೋಟದಲ್ಲಿ ನಿಂತ ನಿಮಗೆ ಮಾತ್ರ ಗೊತ್ತು. ಅವತ್ತೇ ಒಂದು ಪೋಸ್ಟ್ ಹಾಕಿದರೆ ಬರುವ ವಾರದ ನಡುವಿನ ದಿನಗಳಿಗೂ ಜನ ಸಿಗುತ್ತಾರೆ. ಸೋಷಿಯಲ್ ಮೀಡಿಯಾದ ನಿಜವಾದ ಬಲ ಇಲ್ಲಿದೆ: ಇವತ್ತಿನ ಸುದ್ದಿ, ಅದೂ ನಿಮ್ಮ ಹತ್ತಿರ ಮಾತ್ರ ಇರುವ ಸುದ್ದಿ. ಅಂಥ ಸುದ್ದಿ ನಿಮ್ಮ ವ್ಯಾಪಾರದಲ್ಲಿ ಹುಟ್ಟುತ್ತದೆಯೇ ಎಂದು ಕೇಳಿಕೊಳ್ಳಿ.

ಹಾಸನದ ಎಪಿಎಂಸಿಯಲ್ಲಿ ಬಿತ್ತನೆ ಆಲೂಗಡ್ಡೆ ಮಾರುವವರಿಗೆ ಪೇಜ್ ಬೇಡ ಎಂದು ನಾನು ನೇರವಾಗಿ ಹೇಳುತ್ತೇನೆ. ಮುಂಗಾರಿನ ಹೊತ್ತಿಗೆ ಜಲಂಧರ್ ಕಡೆಯಿಂದ ಲಾರಿಯಲ್ಲಿ ಬೀಜ ಬರುತ್ತದೆ. ಅಂಗಮಾರಿ ರೋಗದಿಂದ ಏಟು ತಿಂದ ರೈತರು ಚೀಲ ಬಿಚ್ಚಿಸಿ, ಗಡ್ಡೆ ಕೈಯಲ್ಲಿ ಹಿಡಿದು, ಕೊಯ್ದು ನೋಡಿ ತೀರ್ಮಾನ ಮಾಡುತ್ತಾರೆ. ಹಳೇ ಪರಿಚಯ, ಸಾಲದ ಲೆಕ್ಕ ಬೇರೆ ಇರುತ್ತದೆ. "ಲೋಡ್ ಬಂದಿದೆ, ಇವತ್ತಿನ ರೇಟ್ ಇಷ್ಟು" ಎಂದು ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿದರೆ ಸಾಕು.

ಕಾಫಿ ಪುಡಿ ಅಂಗಡಿಯವರದು ಇವೆರಡರ ನಡುವಿನ ಕಥೆ. ಊರಿನ ಗಿರಾಕಿ ಹೇಗೂ ಬರುತ್ತಾರೆ. ಬೆಂಗಳೂರಿಗೆ, ಮೈಸೂರಿಗೆ ಹೋದ ಅವರ ಮಕ್ಕಳು "ಅದೇ ಪುಡಿ ಕೊರಿಯರ್ ಮಾಡ್ತೀರಾ" ಎಂದು ಫೋನ್ ಮಾಡುತ್ತಾರೆ. ಅವರಿಗೆ ನಿಮ್ಮ ಅಂಗಡಿಯನ್ನು ಹೊಸದಾಗಿ ಪರಿಚಯಿಸಬೇಕಿಲ್ಲ, ಆರ್ಡರ್ ಕೊಡುವುದು ಸುಲಭವಾದರೆ ಆಯಿತು. 2018ರಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಇದಕ್ಕೆ ಸರಿಹೊಂದುತ್ತದೆ. ಅದು ಉಚಿತ. ಫೋಟೊ, ಬೆಲೆ ಸಮೇತ ಕ್ಯಾಟಲಾಗ್ ಇಡಬಹುದು, ಪದೇ ಪದೇ ಕೇಳುವ ಪ್ರಶ್ನೆಗೆ ಉತ್ತರ ಮೊದಲೇ ಬರೆದಿಡಬಹುದು. ಕ್ಯಾಟಲಾಗ್‌ನಲ್ಲಿ ಚಿಕೋರಿ ಎಷ್ಟು ಎಂದು ದೊಡ್ಡದಾಗಿ ಬರೆಯಿರಿ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕನಿಷ್ಠ ಶೇ 51ರಷ್ಟು ಕಾಫಿ ಇರಬೇಕು, ಪ್ಯಾಕೆಟ್ ಮೇಲೆ ಪ್ರಮಾಣ ನಮೂದಿಸಬೇಕು ಎಂಬುದು ಹೇಗೂ ಕಾನೂನು. ಗಿರಾಕಿ ಮೊದಲು ಕೇಳುವುದೂ ಅದನ್ನೇ.

ಬೇಲೂರು, ಹಳೇಬೀಡು ರಸ್ತೆಯಲ್ಲಿ ಹೋಟೆಲ್ ಇಟ್ಟವರಿಗೆ ಗೂಗಲ್ ಮ್ಯಾಪ್ ಮೊದಲು, ಉಳಿದದ್ದು ಆಮೇಲೆ. 2023ರಲ್ಲಿ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದವು. ನೋಡಲು ಬಂದವರು ಹಸಿವಾದಾಗ ರೀಲ್ಸ್ ನೋಡುತ್ತಾ ಕೂರುವುದಿಲ್ಲ, ಹತ್ತಿರ ಊಟ ಎಲ್ಲಿ ಸಿಗುತ್ತದೆ ಎಂದು ಮ್ಯಾಪ್‌ನಲ್ಲಿ ಹುಡುಕುತ್ತಾರೆ. ಜಾಗ, ಸಮಯ, ಫೋನ್ ನಂಬರ್ ಸರಿ ಇರಲಿ. ಕೆಟ್ಟ ರಿವ್ಯೂ ಬಂದರೆ ಜಗಳವಾಡದೆ ಎರಡು ಸಾಲಿನ ಉತ್ತರ ಕೊಡಿ.

ಇನ್ನು, ಪೇಜ್ ಯಾರು ನೋಡಿಕೊಳ್ಳುತ್ತಾರೆ? ನಾನು ನೋಡಿದ ಪೇಜ್‌ಗಳು ಜಾಸ್ತಿ ಸಾಯುವುದು ಇಲ್ಲೇ. ಮಗಳು ರಜೆಯಲ್ಲಿ ಶುರು ಮಾಡುತ್ತಾಳೆ, ಕಾಲೇಜು ತೆರೆದ ಮೇಲೆ ಮಂಗಳೂರಿಗೆ ಹೋಗುತ್ತಾಳೆ, ಪಾಸ್‌ವರ್ಡ್ ಅವಳ ಹತ್ತಿರವೇ ಉಳಿಯುತ್ತದೆ. ರೂಮ್ ಕೇಳಿದವರ ಮೆಸೇಜ್‌ಗೆ ಉತ್ತರವಿಲ್ಲ. ಕೊನೆಯ ಪೋಸ್ಟ್ ಎರಡು ವರ್ಷ ಹಳೆಯದಾಗಿದ್ದರೆ, ಬಾಗಿಲು ಹಾಕಿದ ಅಂಗಡಿ ನೋಡಿದ ಹಾಗೆ ಜನ ಮುಂದೆ ಹೋಗಿಬಿಡುತ್ತಾರೆ. ದಿನದೊಳಗೆ ಉತ್ತರ ಕೊಡುವ ಒಬ್ಬರು ಮನೆಯಲ್ಲಿ ಇಲ್ಲದಿದ್ದರೆ ಪೇಜ್ ಬೇಡ.

ಉಚಿತವಾಗಿ ಎರಡು ದಿನ ಉಳಿಸಿಕೊಳ್ಳಿ, ರೀಲ್ ಮಾಡಿಕೊಡುತ್ತೇವೆ ಎಂದು ಕೇಳುವ ಇನ್‌ಫ್ಲುಯೆನ್ಸರ್‌ಗಳ ಬಗ್ಗೆಯೂ ಹೇಳಬೇಕು. ಅವರ ಫಾಲೋವರ್ಸ್ ಯಾವ ಊರಿನವರು ಎಂದು ಕೇಳಿ. ಬೆಂಗಳೂರು, ಮಂಗಳೂರಿನವರು ಕಡಿಮೆ ಇದ್ದರೆ ಆ ಲಕ್ಷ ಸಂಖ್ಯೆಯಿಂದ ನಿಮ್ಮ ರೂಮ್ ತುಂಬುವುದಿಲ್ಲ. ಉಚಿತ ವಾಸ್ತವ್ಯವೂ ಪ್ರತಿಫಲವೇ. ಅದನ್ನು ವಿಡಿಯೊದಲ್ಲಿ ಸ್ಪಷ್ಟವಾಗಿ ಹೇಳಬೇಕು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಜನವರಿ 2023ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಲು ಕಾನೂನಿನಲ್ಲಿ ಅವಕಾಶವಿದೆ.

ಪೇಜ್ ಚೆನ್ನಾಗಿ ನಡೆದರೂ ಗಿರಾಕಿಗಳ ಹೆಸರು, ನಂಬರ್ ನಿಮ್ಮ ಪುಸ್ತಕದಲ್ಲೂ ಇರಲಿ. ಜೂನ್ 2020ರಲ್ಲಿ ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ ಅಲ್ಲೇ ಜನ ಸೇರಿಸಿಕೊಂಡವರಿಗೆ ಆ ಜನ ಮತ್ತೆ ಸಿಗಲಿಲ್ಲ. ಅಕ್ಟೋಬರ್ 4, 2021ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಸುಮಾರು ಆರು ಗಂಟೆ ನಿಂತುಹೋಗಿದ್ದವು.

ಅದೇ ಪುಸ್ತಕದಲ್ಲಿ ಒಂದು ಕಾಲಂ ಹೆಚ್ಚು ಹಾಕಿ: "ನಮ್ಮ ಬಗ್ಗೆ ಹೇಗೆ ಗೊತ್ತಾಯಿತು?" ಫೋನ್ ಮಾಡಿದ ಪ್ರತಿಯೊಬ್ಬರನ್ನೂ ಕೇಳಿ ಬರೆಯಿರಿ. ಲೈಕ್ ಎಷ್ಟು ಬಂತು ಎನ್ನುವುದಕ್ಕಿಂತ ಇದು ಮುಖ್ಯ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ. ಆ ಕಾಲಂನಲ್ಲಿ ಪೇಜ್‌ನ ಹೆಸರು ಬಾರದಿದ್ದರೆ ನಿಲ್ಲಿಸಿ. ನಿಲ್ಲಿಸುವಾಗ ಅರ್ಧಕ್ಕೆ ಬಿಟ್ಟು ಹೋಗಬೇಡಿ. "ನಾವು ಇಲ್ಲಿ ಮೆಸೇಜ್ ನೋಡುವುದಿಲ್ಲ, ಈ ನಂಬರ್‌ಗೆ ಫೋನ್ ಮಾಡಿ" ಎಂದು ಕೊನೆಯ ಪೋಸ್ಟ್ ಹಾಕಿ, ಅದನ್ನು ಎಲ್ಲಕ್ಕಿಂತ ಮೇಲೆ ಕಾಣುವಂತೆ ಪಿನ್ ಮಾಡಿ.